ವರ್ಷದ ಕೊನೆಗೆ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಪುಸ್ತಕಗಳ ಸುರಿಮಳೆ: ಆ ಪಟ್ಟಿ ಓದುವುದು ಹೇಗೆ?

ಅಕ್ಟೋಬರ್ ಬಂತೆಂದರೆ ಇಂಗ್ಲಿಷ್ ಪುಸ್ತಕಲೋಕದಲ್ಲಿ ಪಟ್ಟಿಗಳು ಶುರುವಾಗುತ್ತವೆ. ರಜೆಗೆ ಬರುತ್ತಿರುವ ಹೊಸ ಸೈನ್ಸ್ ಫಿಕ್ಷನ್, ಈ ಚಳಿಗಾಲದ ಫ್ಯಾಂಟಸಿ, ವರ್ಷ ಮುಗಿಯುವ ಮುನ್ನ ಓದಲೇಬೇಕಾದ ಕಾದಂಬರಿಗಳು. ಒಂದೊಂದರಲ್ಲೂ ಹತ್ತಾರು ಹೆಸರು. ಯಾವುದೋ ಸಿನಿಮಾನೋ ವೆಬ್ ಸರಣಿಯೋ ನೋಡಿ ಖುಷಿಪಟ್ಟು, ಇಂಥದ್ದೇ ಒಂದು ಪುಸ್ತಕ ಓದೋಣ ಎಂದು ಬಂದವರಿಗೆ ಆ ಪಟ್ಟಿ ನೋಡಿದ ಕೂಡಲೇ ತಲೆ ಗಿರ್ರೆನ್ನುತ್ತದೆ. 'ಸರಣಿಯ ಮೂರನೇ ಪುಸ್ತಕ' ಅಂತಾರೆ, 'ನವೆಲ್ಲಾ' ಅಂತಾರೆ, 'ಸ್ಪೇಸ್ ಆಪೆರಾ' ಅಂತಾರೆ, 'ಡಿಲಕ್ಸ್ ಆವೃತ್ತಿ', 'ಪ್ರೀ-ಆರ್ಡರ್' ಅಂತಾರೆ. ಎಲ್ಲಿಂದ ಹಿಡಿಯುವುದು?

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಪುಸ್ತಕ ಯಾವ ತಾರೀಖಿಗೆ ಬರಬೇಕು ಎನ್ನುವುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ವ್ಯಾಪಾರದ ಕ್ಯಾಲೆಂಡರ್. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎನ್ನುವುದಕ್ಕೂ ಅದಕ್ಕೂ ನಂಟು ಕಡಿಮೆ. ಇದೊಂದು ತಿಳಿದರೆ ಅರ್ಧ ಗೊಂದಲ ಕರಗುತ್ತದೆ.

ಮೊದಲು ಎರಡು ಹೆಸರುಗಳ ಅರ್ಥ

ಕಥೆಯಲ್ಲಿ ಒಬ್ಬಳು ಹುಡುಗಿ ಆಕಾಶದಲ್ಲಿ ಹಾರುತ್ತಾಳೆ ಅಂದುಕೊಳ್ಳಿ. ಹೇಗೆ ಹಾರಿದಳು ಎಂದು ಕೇಳಿ. ಬೆನ್ನಿಗೆ ಕಟ್ಟಿಕೊಂಡ ಯಂತ್ರದಿಂದ, ಅದರ ಇಂಧನ ಇಂಥದ್ದು ಎಂದು ಕಥೆ ಉತ್ತರ ಕೊಟ್ಟರೆ ಅದು ಸೈನ್ಸ್ ಫಿಕ್ಷನ್. ಮಂತ್ರದಿಂದಲೋ ವರದಿಂದಲೋ ಹುಟ್ಟಿನಿಂದ ಬಂದ ಶಕ್ತಿಯಿಂದಲೋ ಹಾರಿದರೆ ಅದು ಫ್ಯಾಂಟಸಿ. ಒಂದು 'ಇವತ್ತು ಆಗದಿದ್ದರೂ ಮುಂದೆ ಆಗಬಹುದೇನೋ' ಎನ್ನುತ್ತದೆ. ಇನ್ನೊಂದು 'ಈ ಲೋಕದ ನಿಯಮವೇ ಬೇರೆ' ಎನ್ನುತ್ತದೆ. ನಡುವೆ ಗೋಡೆಯೇನೂ ಇಲ್ಲ, ಎರಡನ್ನೂ ಬೆರೆಸಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಅಂಗಡಿಗಳಲ್ಲಿ ಎರಡನ್ನೂ ಒಂದೇ ಕಪಾಟಿನಲ್ಲಿ ಇಡುತ್ತಾರೆ.

ಇವುಗಳ ಒಳಗೆ ಮತ್ತೆ ಕವಲುಗಳಿವೆ. 'ಹಾರ್ಡ್' ಸೈನ್ಸ್ ಫಿಕ್ಷನ್ ಅಂದರೆ ಕಷ್ಟದ ಪುಸ್ತಕ ಅಂತಲ್ಲ. ವಿಜ್ಞಾನದ ಲೆಕ್ಕ ಬಿಗಿಯಾಗಿರುವ ಪುಸ್ತಕ. ಗಗನನೌಕೆಯಲ್ಲಿ ಎಷ್ಟು ದಿನಕ್ಕಾಗುವಷ್ಟು ಆಮ್ಲಜನಕ ಉಳಿದಿದೆ ಎಂದು ಓದುಗರೂ ಕೂತು ಲೆಕ್ಕ ಹಾಕಬಹುದು. 'ಸ್ಪೇಸ್ ಆಪೆರಾ'ದಲ್ಲಿ ಹಾಡು ಇರುವುದಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹಬ್ಬಿದ ಸಾಮ್ರಾಜ್ಯಗಳು, ಯುದ್ಧಗಳು, ವಂಶದ ಜಗಳಗಳು ಇರುತ್ತವೆ. 1941ರಲ್ಲಿ ವಿಲ್ಸನ್ ಟಕರ್ ಎಂಬ ಲೇಖಕ ಸವಕಲು ಅಂತರಿಕ್ಷ ಕಥೆಗಳನ್ನು ಬೈಯಲೆಂದೇ ಈ ಪದ ಬಳಸಿದರು. ರೇಡಿಯೋದಲ್ಲಿ ಬರುತ್ತಿದ್ದ 'ಸೋಪ್ ಆಪೆರಾ' ಧಾರಾವಾಹಿಗಳ ಹೆಸರಿನ ಜಾಡಿನಲ್ಲೇ ಹುಟ್ಟಿದ್ದು ಇದು. ಆ ಬೈಗುಳವೇ ಈಗ ಒಂದು ಪ್ರಕಾರದ ಹೆಸರಾಗಿ ಪುಸ್ತಕಗಳ ಬೆನ್ನುಡಿಯಲ್ಲಿ ಹೆಮ್ಮೆಯಿಂದ ಕೂತಿದೆ.

ಫ್ಯಾಂಟಸಿ ಕಡೆ 'ಎಪಿಕ್' ಅಂದರೆ ಹೊಸ ಲೋಕವನ್ನೇ ಕಟ್ಟುವ ದೊಡ್ಡ ಕಥೆ. ಮೊದಲ ಪುಟ ತಿರುವಿದರೆ ನಕ್ಷೆ ಸಿಗುತ್ತದೆ. 'ಅರ್ಬನ್' ಅಂದರೆ ನಮ್ಮದೇ ಥರದ ಶಹರದೊಳಗೆ ಮಾಯೆ ನುಸುಳಿದ ಕಥೆ. 'ರೊಮಾಂಟಸಿ' ಅಂದರೆ ರೊಮಾನ್ಸ್ ಮತ್ತು ಫ್ಯಾಂಟಸಿಯ ಬೆರಕೆ, ಪ್ರೇಮಕಥೆ ಎಷ್ಟು ಮುಖ್ಯವೋ ಮಾಯಾಲೋಕವೂ ಅಷ್ಟೇ ಮುಖ್ಯ. ಈಚಿನ ವರ್ಷಾಂತ್ಯದ ಪಟ್ಟಿಗಳಲ್ಲಿ ಈ ಹೆಸರು ಜಾಸ್ತಿ ಕಾಣಿಸುತ್ತದೆ.

ಇನ್ನು 'ನವೆಲ್ಲಾ'. ಅದು ಅಳತೆಯ ಹೆಸರು. ಈ ಕ್ಷೇತ್ರದ ದೊಡ್ಡ ಪ್ರಶಸ್ತಿಗಳ ಪ್ರಕಾರ 40,000 ಪದ ತಲುಪಿದರೆ ಕಾದಂಬರಿ. 17,500ರಿಂದ 40,000 ಪದದೊಳಗಿದ್ದರೆ ನವೆಲ್ಲಾ. ಒಂದು ಮಧ್ಯಾಹ್ನ ಕೂತರೆ ಓದಿ ಮುಗಿಸಬಹುದು. ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇದಕ್ಕೆ ಹಳೆಯ ಬೇರಿದೆ

ಕ್ರಿಸ್‌ಮಸ್ ಹೊತ್ತಿಗೆ ಅತಿಮಾನುಷ ಕಥೆಯ ಪುಸ್ತಕ ಮಾರುವುದು ಈಗಿನವರು ಕಂಡುಹಿಡಿದ ಉಪಾಯ ಅಲ್ಲ. ಚಾರ್ಲ್ಸ್ ಡಿಕನ್ಸ್ 'ಎ ಕ್ರಿಸ್‌ಮಸ್ ಕ್ಯಾರಲ್' ಎಂಬ ಭೂತಗಳ ಕಥೆಯನ್ನು ಲಂಡನ್ನಿನಲ್ಲಿ ಹೊರತಂದದ್ದು 1843ರ ಡಿಸೆಂಬರ್ 19ರಂದು. ಕ್ರಿಸ್‌ಮಸ್ ಹಿಂದಿನ ದಿನದೊಳಗೆ ಮೊದಲ ಮುದ್ರಣದ 6,000 ಪ್ರತಿಯೂ ಖಾಲಿ. ಅದನ್ನು ಬರೆಯಲು ಅವರು ತೆಗೆದುಕೊಂಡದ್ದು ಸುಮಾರು ಆರು ವಾರ. ಉಡುಗೊರೆ ಕೊಡುವ ಪುಸ್ತಕ ಅಲ್ವಾ, ನೋಡಲು ಚೆಂದ ಇರಲೇಬೇಕು ಎಂದು ಡಿಕನ್ಸ್ ಪಟ್ಟು ಹಿಡಿದರು. ಕೆಂಪು ಬಟ್ಟೆಯ ರಟ್ಟು, ಕೈಯಲ್ಲಿ ಬಣ್ಣ ತುಂಬಿದ ಚಿತ್ರಗಳು, ಪುಟಗಳ ಅಂಚಿಗೆಲ್ಲ ಚಿನ್ನದ ಬಣ್ಣ. ಖರ್ಚು ಎಷ್ಟಾಯಿತೆಂದರೆ, ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾದರೂ ಅವರು ನಿರೀಕ್ಷಿಸಿದ್ದ 1,000 ಪೌಂಡ್ ಕೈಗೆ ಬರಲಿಲ್ಲ. ಮೊದಲ ಮುದ್ರಣದಿಂದ ಸಿಕ್ಕಿದ್ದು 230 ಪೌಂಡ್. ಅಂಚಿಗೆ ಬಣ್ಣ ಹಾಕಿದ ಆ ಪುಸ್ತಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಐಸ್‌ಲ್ಯಾಂಡ್‌ನಲ್ಲಿ ಇದು ಇಡೀ ದೇಶದ ರೂಢಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹೊರಗಿನಿಂದ ಬರುವ ಸಾಮಾನುಗಳಿಗೆ ಬಿಗಿ ಇತ್ತು. ಕಾಗದಕ್ಕೆ ಅಷ್ಟು ಕಟ್ಟುಪಾಡು ಇರಲಿಲ್ಲ. ಹಾಗಾಗಿ ಕ್ರಿಸ್‌ಮಸ್ ಉಡುಗೊರೆ ಅಂದರೆ ಪುಸ್ತಕ ಎಂದಾಯಿತು. 1944ರಿಂದ ಪ್ರಕಾಶಕರು ಹೊಸ ಪುಸ್ತಕಗಳ ಒಂದು ಪಟ್ಟಿ ಅಚ್ಚು ಹಾಕಿಸಿ ಮನೆಮನೆಗೂ ಕಳಿಸತೊಡಗಿದರು. ಈ ಹಬ್ಬದ ಪುಸ್ತಕ ಸುಗ್ಗಿಗೆ ಅಲ್ಲಿನ ಹೆಸರು 'ಯೋಲಾಬೋಕಾಫ್ಲೋದ್'. ಅರ್ಥ 'ಕ್ರಿಸ್‌ಮಸ್ ಪುಸ್ತಕ ಪ್ರವಾಹ'.

ಹಬ್ಬ ಡಿಸೆಂಬರ್‌ನಲ್ಲಿ, ಪುಸ್ತಕ ಮಾತ್ರ ಅಕ್ಟೋಬರ್‌ನಲ್ಲಿ

ಕ್ರಿಸ್‌ಮಸ್‌ಗೆ ಮಾರಬೇಕಾದ ಪುಸ್ತಕ ಡಿಸೆಂಬರ್‌ನಲ್ಲೇ ಬರುತ್ತದೆ ಅಂದುಕೊಂಡರೆ ತಪ್ಪಾಗುತ್ತದೆ. ದೊಡ್ಡ ಪುಸ್ತಕಗಳೆಲ್ಲ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಬಂದುಬಿಡುತ್ತವೆ. ಬ್ರಿಟನ್ನಿನಲ್ಲಂತೂ ಅಕ್ಟೋಬರ್‌ನ ಒಂದು ಗುರುವಾರ ಒಂದೇ ದಿನ ನೂರಾರು ಪುಸ್ತಕ ಹೊರಬರುತ್ತವೆ. ಅದಕ್ಕೆ 'ಸೂಪರ್ ಥರ್ಸ್‌ಡೇ' ಎಂದೇ ಹೆಸರು ಬಿದ್ದಿದೆ.

ಹಬ್ಬದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಉಡುಗೊರೆ ಕೊಡುವುದು ಡಿಸೆಂಬರ್ 25ಕ್ಕೆ. ಕೊಳ್ಳುವವರು ಅಂಗಡಿಗೆ ಬರುವುದು ಅದಕ್ಕೆ ಮೂರ್ನಾಲ್ಕು ವಾರ ಮೊದಲು. ಆ ಹೊತ್ತಿಗೆ ಅವರ ಕಿವಿಗೆ ಪುಸ್ತಕದ ಹೆಸರು ಬಿದ್ದಿರಬೇಕು. ಹೆಸರು ಬೀಳಬೇಕಾದರೆ ಯಾರೋ ಓದಿ, ಚೆನ್ನಾಗಿದೆ ಕಣ್ರೀ ಎಂದು ಹೇಳಿರಬೇಕು. ಅದಕ್ಕೆ ಒಂದೆರಡು ತಿಂಗಳಾದರೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಗಳು ಖಾಲಿಯಾದರೆ ಮತ್ತೆ ಅಚ್ಚು ಹಾಕಿಸಲು ಸಮಯ ಬೇಕು.

ಈ ಕೊನೆಯ ಮಾತಿಗೆ 'ದ ಹಾಬಿಟ್' ಪುಸ್ತಕದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜೆ.ಆರ್.ಆರ್. ಟೋಲ್ಕಿನ್ ಅವರ ಆ ಪುಸ್ತಕ ಬಂದದ್ದು 1937ರ ಸೆಪ್ಟೆಂಬರ್ 21ರಂದು. ಮೊದಲ ಮುದ್ರಣ ಬರೀ 1,500 ಪ್ರತಿ. ವಿಮರ್ಶೆಗಳು ಚೆನ್ನಾಗಿ ಬಂದವು, ಕ್ರಿಸ್‌ಮಸ್ ಬೇಡಿಕೆ ಶುರುವಾಯಿತು, ಡಿಸೆಂಬರ್ ಹೊತ್ತಿಗೆ ಪ್ರತಿಗಳೇ ಇಲ್ಲ. ಪ್ರಕಾಶಕರು ತರಾತುರಿಯಲ್ಲಿ ಮರುಮುದ್ರಣಕ್ಕೆ ಹೇಳಿದರು. ಕೊನೇ ಗಳಿಗೆಯಲ್ಲಿ ಎಷ್ಟು ಒತ್ತಡವಾಯಿತೆಂದರೆ, ವೋಕಿಂಗ್ ಎಂಬ ಊರಿನಲ್ಲಿದ್ದ ಮುದ್ರಣಾಲಯದಿಂದ ಒಂದಷ್ಟು ಪ್ರತಿಗಳನ್ನು ಖಾಸಗಿ ಕಾರಿನಲ್ಲಿ ತುಂಬಿಕೊಂಡು ಬಂದರು. ಇದನ್ನು ಪ್ರಕಾಶನ ಸಂಸ್ಥೆಯವರೇ ಟೋಲ್ಕಿನ್‌ಗೆ ಬರೆದು ತಿಳಿಸಿದ್ದರು. ಪುಸ್ತಕ ಸೆಪ್ಟೆಂಬರ್‌ನಲ್ಲಿ ಬಂದಿದ್ದರಿಂದ ಇಷ್ಟಾದರೂ ಸಾಧ್ಯವಾಯಿತು. ಡಿಸೆಂಬರ್ 10ಕ್ಕೆ ಬಂದಿದ್ದರೆ ಕಾರು ಕಳಿಸುವಷ್ಟು ಹೊತ್ತೂ ಸಿಗುತ್ತಿರಲಿಲ್ಲ.

ಈಗ ಮುದ್ರಣ ಬೇಗ ಆಗುತ್ತದೆ, ಆದರೆ ದಾರಿ ಉದ್ದವಾಗಿದೆ. ಲೇಖಕರು ಹಸ್ತಪ್ರತಿ ಕೊಟ್ಟ ಮೇಲೆ ಸಂಪಾದಕರು ಓದಿ ತಿದ್ದಿಸುತ್ತಾರೆ. ಭಾಷೆ ತಿದ್ದುವವರು ಬೇರೆ, ಪ್ರೂಫ್ ನೋಡುವವರು ಬೇರೆ. ಮುಖಪುಟ ಆಗಬೇಕು, ನಕ್ಷೆ ಬರೆಸಬೇಕು. ಆಮೇಲೆ ಅಚ್ಚು, ಗೋದಾಮು, ಅಲ್ಲಿಂದ ಅಂಗಡಿ. ಸಾಮಾನ್ಯವಾಗಿ ಇದಕ್ಕೆ ಒಂದು ವರ್ಷವೋ ಅದಕ್ಕೂ ಜಾಸ್ತಿಯೋ ಹಿಡಿಯುತ್ತದೆ. ಬಣ್ಣದ ಚಿತ್ರ, ವಿಶೇಷ ಅಂಚು ಇರುವ ಪುಸ್ತಕ ದೂರದ ದೇಶದಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುವುದೂ ಉಂಟು. 2021ರ ಕೊನೆಯಲ್ಲಿ ಕಾಗದದ ಕೊರತೆಯೂ ಹಡಗು ಸಾಗಣೆಯ ತೊಡಕೂ ಒಟ್ಟಿಗೇ ಬಂದಾಗ ಎಷ್ಟೋ ಪುಸ್ತಕಗಳ ತಾರೀಖು ಮುಂದಕ್ಕೆ ಹೋಯಿತು. ಪಟ್ಟಿಯಲ್ಲಿ ನವೆಂಬರ್ ಎಂದಿದ್ದ ಪುಸ್ತಕ ಮಾರ್ಚ್‌ಗೆ ಜಾರಿದರೆ ಕಾರಣ ಹೆಚ್ಚಾಗಿ ಈ ದಾರಿಯಲ್ಲೇ ಎಲ್ಲೋ ಇರುತ್ತದೆ.

ವಾರದ ದಿನಕ್ಕೂ ಕಟ್ಟು ಇದೆ. ಅಮೆರಿಕದಲ್ಲಿ ಹೊಸ ಪುಸ್ತಕ ಸಾಮಾನ್ಯವಾಗಿ ಮಂಗಳವಾರ ಬರುತ್ತದೆ, ಬ್ರಿಟನ್ನಿನಲ್ಲಿ ಗುರುವಾರ. ದೊಡ್ಡ ಪುಸ್ತಕದ ಪೆಟ್ಟಿಗೆಗಳು ಅಂಗಡಿಗೆ ಕೆಲವು ದಿನ ಮುಂಚೆಯೇ ಬಂದಿರುತ್ತವೆ. ಮೇಲೆ ತಾರೀಖು ಅಚ್ಚಾಗಿರುತ್ತದೆ, ಅದಕ್ಕೆ ಮೊದಲು ಮಾರುವಂತಿಲ್ಲ. ಎಲ್ಲ ಅಂಗಡಿಯೂ ಒಂದೇ ದಿನ ಶುರು ಮಾಡಬೇಕು ಎನ್ನುವುದು ಉದ್ದೇಶ.

ಹಾಗಾದರೆ ಡಿಸೆಂಬರ್‌ನಲ್ಲಿ ಯಾರು ಪುಸ್ತಕ ತರುತ್ತಾರೆ? ಎರಡು ಥರದವರು. ಓದುಗರು ಬಾಗಿಲಲ್ಲೇ ಕಾದು ನಿಂತಿರುವ ದೊಡ್ಡ ಲೇಖಕರು ಒಂದು ಕಡೆ. ಬ್ರಾಂಡನ್ ಸ್ಯಾಂಡರ್ಸನ್ ಅವರ ಫ್ಯಾಂಟಸಿ ಸರಣಿಯೊಂದರ ಐದನೇ ಪುಸ್ತಕ 'ವಿಂಡ್ ಅಂಡ್ ಟ್ರೂತ್' 2024ರ ಡಿಸೆಂಬರ್ 6ರಂದು ಬಂತು. ಅದು ಶುಕ್ರವಾರ, ಮಂಗಳವಾರದ ರೂಢಿಯನ್ನೂ ಬಿಟ್ಟರು. ಆ ಸರಣಿಯ ನಾಲ್ಕು ಪುಸ್ತಕ ಓದಿದವರಿಗೆ ಐದನೆಯದರ ಬಗ್ಗೆ ಯಾರೂ ಹೇಳಬೇಕಾಗಿರಲಿಲ್ಲ. ಇನ್ನೊಂದು ಕಡೆ ಸಣ್ಣ ಪ್ರಕಾಶಕರು, ಹೊಸ ಲೇಖಕರು. ದೊಡ್ಡವರ ಗದ್ದಲ ಇಳಿದ ಮೇಲೆ ಜಾಗ ಸಿಕ್ಕೀತು ಎಂಬ ಆಸೆ ಅವರದು. ತೊಂದರೆ ಏನೆಂದರೆ, 'ವರ್ಷದ ಅತ್ಯುತ್ತಮ ಪುಸ್ತಕಗಳು' ಪಟ್ಟಿಗಳು ನವೆಂಬರ್‌ನಲ್ಲೇ ಬರತೊಡಗುತ್ತವೆ. ಡಿಸೆಂಬರ್ ಪುಸ್ತಕ ಆ ವರ್ಷದ ಪಟ್ಟಿಗೆ ತಡ, ಮುಂದಿನ ವರ್ಷದ ಪಟ್ಟಿಗೆ ಹಳತು. ಒಳ್ಳೊಳ್ಳೆ ಪುಸ್ತಕಗಳು ಹೀಗೆ ಸಂದಿಯಲ್ಲಿ ಬಿದ್ದುಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಪ್ರೀ-ಆರ್ಡರ್ ಮಾಡಿ ಅಂತ ಅಷ್ಟು ಕೇಳುವುದೇಕೆ?

ಮದುವೆ ಊಟಕ್ಕೆ ಎಷ್ಟು ಎಲೆ ಹಾಕಬೇಕು ಎಂದು ಅಡುಗೆಯವರು ಮೊದಲೇ ಕೇಳುತ್ತಾರಲ್ಲ, ಹಾಗೆ. ಪುಸ್ತಕ ಬರುವ ಮುಂಚೆಯೇ ದುಡ್ಡು ಕೊಟ್ಟೋ ಹೆಸರು ಬರೆಸಿಯೋ ಇಟ್ಟರೆ ಅದು ಪ್ರೀ-ಆರ್ಡರ್. ಈ ಎಣಿಕೆ ನೋಡಿ ಅಂಗಡಿಯವರು ಎಷ್ಟು ಪ್ರತಿ ತರಿಸಬೇಕು ಎಂದು ಅಂದಾಜು ಮಾಡುತ್ತಾರೆ. ಅಂಗಡಿಯವರ ಬೇಡಿಕೆ ನೋಡಿ ಪ್ರಕಾಶಕರು ಎಷ್ಟು ಅಚ್ಚು ಹಾಕಿಸಬೇಕು ಎಂದು ತೀರ್ಮಾನಿಸುತ್ತಾರೆ. ಜೊತೆಗೆ, ತಿಂಗಳುಗಟ್ಟಲೆ ಸೇರಿದ ಪ್ರೀ-ಆರ್ಡರ್‌ಗಳು ಸಾಮಾನ್ಯವಾಗಿ ಮೊದಲ ವಾರದ ಮಾರಾಟಕ್ಕೆ ಸೇರುತ್ತವೆ. ಜಾಸ್ತಿ ಮಾರಾಟವಾದ ಪುಸ್ತಕಗಳ ಪಟ್ಟಿ ವಾರವಾರ ಬರುವುದರಿಂದ, ಆ ಒಂದು ವಾರದ ಎಣಿಕೆ ಹೆಸರು ಮೇಲೇರಿಸುತ್ತದೆ. ಹೊಸ ಲೇಖಕರಿಗೆ ಇದು ಸಣ್ಣ ವಿಷಯವಲ್ಲ.

ಈ ದಾರಿಯನ್ನೇ ಬಿಟ್ಟು ನೇರವಾಗಿ ಓದುಗರ ಹತ್ತಿರ ಹೋದವರೂ ಇದ್ದಾರೆ. 2022ರ ಮಾರ್ಚ್‌ನಲ್ಲಿ ಇದೇ ಸ್ಯಾಂಡರ್ಸನ್, ಗುಟ್ಟಾಗಿ ಬರೆದಿಟ್ಟಿದ್ದ ನಾಲ್ಕು ಕಾದಂಬರಿಗಳಿಗೆ ಕಿಕ್‌ಸ್ಟಾರ್ಟರ್ ತಾಣದಲ್ಲಿ ಮುಂಗಡ ಕೇಳಿದರು. 1,85,000ಕ್ಕೂ ಹೆಚ್ಚು ಜನ ಸೇರಿ 4.1 ಕೋಟಿ ಡಾಲರ್‌ಗೂ ಮೀರಿ ಕೊಟ್ಟರು.

ಒಂದೇ ಪುಸ್ತಕ, ಹಲವು ರೂಪ

ಪಟ್ಟಿಯಲ್ಲಿ ಒಂದೇ ಹೆಸರು ಎರಡು ಮೂರು ಸಲ ಕಂಡರೆ ಗಾಬರಿ ಬೇಡ. ಮೊದಲು ಬರುವುದು ಹಾರ್ಡ್‌ಕವರ್, ಗಟ್ಟಿ ರಟ್ಟಿನದು. ಅದರ ಜೊತೆಗೇ ಇ-ಬುಕ್ ಮತ್ತು ಆಡಿಯೋಬುಕ್. ಸುಮಾರು ಒಂದು ವರ್ಷದ ಮೇಲೆ ಪೇಪರ್‌ಬ್ಯಾಕ್, ಅದರ ಬೆಲೆ ಕಡಿಮೆ. ಒಂದೊಂದು ಮುದ್ರಿತ ರೂಪಕ್ಕೂ ಬೇರೆ ಬೇರೆ ಐಎಸ್‌ಬಿಎನ್ ಇರುತ್ತದೆ. 13 ಅಂಕಿಯ ಆ ಸಂಖ್ಯೆ ಪುಸ್ತಕದ ಹಿಂಬದಿಯಲ್ಲಿ ಬಾರ್‌ಕೋಡ್ ಹತ್ತಿರ ಕಾಣುತ್ತದೆ. ತರಿಸುವಾಗ ಹೆಸರಿಗಿಂತ ಈ ಸಂಖ್ಯೆ ನೋಡುವುದು ವಾಸಿ. ಇಲ್ಲವಾದರೆ ಪೇಪರ್‌ಬ್ಯಾಕ್ ಅಂದುಕೊಂಡು ದಪ್ಪ ರಟ್ಟಿನದಕ್ಕೆ ದುಡ್ಡು ಕೊಟ್ಟಿರುತ್ತೀರಿ.

ಆಡಿಯೋಬುಕ್‌ಗೆ ಒಂದು ಸುಲಭ ಲೆಕ್ಕ ಇದೆ. ಗಂಟೆಗೆ ಹೆಚ್ಚುಕಡಿಮೆ 9,000 ಪದ ಓದುತ್ತಾರೆ. ಒಂದು ಲಕ್ಷ ಪದದ ಕಾದಂಬರಿ ಅಂದರೆ 11 ಗಂಟೆ. ಮೇಲೆ ಹೇಳಿದ 'ವಿಂಡ್ ಅಂಡ್ ಟ್ರೂತ್' ಮುದ್ರಣದಲ್ಲಿ 1,300 ಪುಟ ದಾಟುತ್ತದೆ, ಕೇಳಲು ಕೂತರೆ 60 ಗಂಟೆಗೂ ಜಾಸ್ತಿ. ರಜೆಯಲ್ಲಿ ಮುಗಿಸುತ್ತೇನೆ ಎನ್ನುವವರು ರಜೆ ಎಷ್ಟು ದಿನ ಎಂದು ಮೊದಲು ನೋಡಿಕೊಳ್ಳಿ.

ಇನ್ನು ಡಿಲಕ್ಸ್ ಆವೃತ್ತಿ. ಪುಟಗಳ ಅಂಚಿಗೆ ಬಣ್ಣ ಅಥವಾ ಚಿತ್ತಾರ, ರಟ್ಟಿನ ಮೇಲೆ ಮಿನುಗುವ ಅಕ್ಷರ, ಒಳಗೆ ಬಣ್ಣದ ನಕ್ಷೆ. ಪುಸ್ತಕ ಮುಚ್ಚಿಟ್ಟಾಗ ಅಂಚಿನಲ್ಲಿ ಕಾಡೋ ಡ್ರ್ಯಾಗನ್ನೋ ಕಾಣುತ್ತದೆ, ತೆರೆದರೆ ಆ ಚಿತ್ರ ಗೆರೆಗೆರೆಯಾಗಿ ಚದುರಿಹೋಗುತ್ತದೆ. ಡಿಕನ್ಸ್ ಚಿನ್ನದ ಬಣ್ಣ ಹಾಕಿಸಿದ್ದು ಇದೇ ಅಂಚಿಗೆ, ಇದೇ ಕಾರಣಕ್ಕೆ. ಒಳಗಿನ ಕಥೆ ಮಾತ್ರ ಸಾದಾ ಆವೃತ್ತಿಯಲ್ಲಿರುವುದೇ. ಬಹಳ ಸಲ ಇವು ಹಳೆಯ ಪುಸ್ತಕಕ್ಕೆ ಹೊಸ ಅಂಗಿ ತೊಡಿಸಿದವು. ಹೊಸ ಕಥೆ ಬೇಕೆನ್ನುವವರು ಪುಸ್ತಕದ ಒಳಗೆ ಮೊದಲ ಮುದ್ರಣದ ವರ್ಷ ಯಾವುದೆಂದು ನೋಡಬೇಕು.

ಸರಣಿಯ ನಡುವೆ ಹತ್ತಬೇಡಿ

ಫ್ಯಾಂಟಸಿಯಲ್ಲಿ ಸರಣಿಗಳು ಇಷ್ಟು ಯಾಕೆ? ಒಂದು ಕಾರಣ ಇತಿಹಾಸದ್ದು. ಟೋಲ್ಕಿನ್ 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದದ್ದು ಒಂದೇ ಕಥೆಯಾಗಿ. ಯುದ್ಧದ ನಂತರದ ದಿನಗಳಲ್ಲಿ ಕಾಗದ ದುಬಾರಿಯಾಗಿತ್ತು, ಪುಸ್ತಕ ಭಾರಿ ಗಾತ್ರದ್ದು. ಹಾಗಾಗಿ ಮೂರು ಭಾಗ ಮಾಡಿದರು. 1954ರ ಜುಲೈ, 1954ರ ನವೆಂಬರ್, 1955ರ ಅಕ್ಟೋಬರ್. ಕೊನೆಯ ಭಾಗಕ್ಕೆ ಓದುಗರು ಸುಮಾರು ಒಂದು ವರ್ಷ ಕಾದರು. ಮೂರು ಭಾಗದ ಫ್ಯಾಂಟಸಿ ಅಂದರೆ ಅದೇ ಮಾದರಿ ಎನ್ನುವಂತಾಯಿತು. ಇನ್ನೊಂದು ಕಾರಣ ಸರಳ: ಇಡೀ ಲೋಕವನ್ನೇ ಕಟ್ಟಿದ ಮೇಲೆ ಒಂದೇ ಪುಸ್ತಕಕ್ಕೆ ಅದನ್ನು ಬಿಟ್ಟುಬಿಡಲು ಲೇಖಕರಿಗೂ ಮನಸ್ಸಾಗುವುದಿಲ್ಲ, ಓದುಗರಿಗೂ ಇಲ್ಲ.

ವರ್ಷಾಂತ್ಯದ ದೊಡ್ಡ ಹೆಸರುಗಳಲ್ಲಿ ಸರಣಿಯ ನಡುವಿನ, ಕೊನೆಯ ಪುಸ್ತಕಗಳು ತುಂಬಾ ಇರುತ್ತವೆ. ಆಗಲೇ ಓದುಗರಿರುವ ಪುಸ್ತಕ ಉಡುಗೊರೆಯಾಗಿ ಸಲೀಸಾಗಿ ಮಾರಾಟವಾಗುತ್ತದೆ. ಹೊಸಬರು ಸುಮ್ನೆ ಮುಖಪುಟ ನೋಡಿ ಕೊಂಡರೆ ಧಾರಾವಾಹಿಯ 300ನೇ ಕಂತು ಹಾಕಿಕೊಂಡು ಕೂತಂತೆ. ಯಾರು ಸತ್ತರು, ಯಾರು ಯಾಕೆ ಅಳುತ್ತಿದ್ದಾರೆ, ಒಂದೂ ತಿಳಿಯುವುದಿಲ್ಲ. ಹೊಸ ಪುಸ್ತಕ ನೋಡಿ ಆಸೆಯಾದರೆ ಅದೇ ಸರಣಿಯ ಮೊದಲನೆಯದನ್ನು ಹುಡುಕಿ. ಅದು ಆಗಲೇ ಪೇಪರ್‌ಬ್ಯಾಕ್‌ನಲ್ಲಿ ಇರುತ್ತದೆ. ಪಟ್ಟಿಯಲ್ಲಿ 'ಸ್ಟ್ಯಾಂಡ್ ಅಲೋನ್' ಎಂದಿದ್ದರೆ ಅದು ತಾನೇ ಪೂರ್ತಿಯಾದ ಕಥೆ, ಧೈರ್ಯವಾಗಿ ತೆಗೆದುಕೊಳ್ಳಬಹುದು.

ನವೆಂಬರ್ ಪುಸ್ತಕಕ್ಕೆ ಪ್ರಶಸ್ತಿ ಬರುತ್ತದೆಯೇ?

ಈ ಕ್ಷೇತ್ರದ ಎರಡು ದೊಡ್ಡ ಪ್ರಶಸ್ತಿಗಳು ಹ್ಯೂಗೋ ಮತ್ತು ನೆಬ್ಯುಲಾ. 1926ರಲ್ಲಿ ಸೈನ್ಸ್ ಫಿಕ್ಷನ್‌ಗೆಂದೇ ಮೊದಲ ಪತ್ರಿಕೆ ಶುರುಮಾಡಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರ ಹೆಸರಿನ ಹ್ಯೂಗೋ ಪ್ರಶಸ್ತಿ ಮೊದಲ ಸಲ ಕೊಟ್ಟದ್ದು 1953ರಲ್ಲಿ. ಅದಕ್ಕೆ ಮತ ಹಾಕುವವರು ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನದ ಸದಸ್ಯರು, ಅಂದರೆ ಓದುಗರು. ನೆಬ್ಯುಲಾಕ್ಕೆ ಮತ ಹಾಕುವವರು ಲೇಖಕರ ಸಂಘದ ಸದಸ್ಯರು. ಎರಡಕ್ಕೂ ಜನವರಿಯಿಂದ ಡಿಸೆಂಬರ್ ಲೆಕ್ಕ. ಜನವರಿಯಲ್ಲಿ ಬಂದ ಪುಸ್ತಕಕ್ಕೆ ಓದುಗರನ್ನು ಸೇರಿಸಿಕೊಳ್ಳಲು ವರ್ಷ ಪೂರ್ತಿ ಸಿಗುತ್ತದೆ. ನವೆಂಬರ್‌ನದಕ್ಕೆ ನಾಮನಿರ್ದೇಶನ ಮುಗಿಯುವ ಮುನ್ನ ಸಿಗುವುದು ಕೆಲವೇ ತಿಂಗಳು.

ಆದರೂ ಗೆಲ್ಲಬಹುದು. ಚೀನಾದ ಲಿಯು ತ್ಸಿಶಿನ್ ಅವರ ಕಾದಂಬರಿ 2006ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು, 2008ರಲ್ಲಿ ಪುಸ್ತಕವಾಯಿತು. ಕೆನ್ ಲಿಯು ಅದನ್ನು ಇಂಗ್ಲಿಷಿಗೆ ತಂದರು. 'ದ ತ್ರೀ-ಬಾಡಿ ಪ್ರಾಬ್ಲಮ್' ಎಂಬ ಹೆಸರಿನಲ್ಲಿ ಅದು ಹೊರಬಂದದ್ದು 2014ರ ನವೆಂಬರ್ 11, ಒಂದು ಮಂಗಳವಾರ. ಬೇರೆ ಭಾಷೆಯ ಕೃತಿ ಇಂಗ್ಲಿಷಿಗೆ ಬಂದ ವರ್ಷವನ್ನೂ ಹ್ಯೂಗೋ ನಿಯಮ ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕೇ ಎಂಟು ವರ್ಷ ಹಳೆಯ ಕಥೆಗೂ ಅವಕಾಶ ಸಿಕ್ಕಿತು. ಮೊದಲು ಪ್ರಕಟವಾದ ಅಂತಿಮ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ. ಪಟ್ಟಿಯಲ್ಲಿದ್ದ ಇನ್ನೊಬ್ಬ ಲೇಖಕರು ತಮ್ಮ ಪುಸ್ತಕವನ್ನು ಹಿಂದಕ್ಕೆ ಪಡೆದರು, ಆ ಜಾಗಕ್ಕೆ ಇದು ಬಂತು. 2015ರ ಆಗಸ್ಟ್‌ನಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಅನುವಾದವಾಗಿ ಬಂದು ಅತ್ಯುತ್ತಮ ಕಾದಂಬರಿಯ ಹ್ಯೂಗೋ ಪಡೆದ ಮೊದಲ ಪುಸ್ತಕ ಅದು.

ಜನವರಿಯಲ್ಲಿ ಏನಾಗುತ್ತದೆ

ಪುಸ್ತಕ ವ್ಯಾಪಾರದಲ್ಲಿ ಬೇರೆ ಅಂಗಡಿಗಳಲ್ಲಿ ಅಷ್ಟಾಗಿ ಕಾಣದ ಒಂದು ಪದ್ಧತಿ ಇದೆ. ಮಾರಾಟವಾಗದ ಪ್ರತಿಗಳನ್ನು ಅಂಗಡಿಯವರು ಪ್ರಕಾಶಕರಿಗೆ ವಾಪಸ್ ಕಳಿಸಬಹುದು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ, ಅಂಗಡಿಗಳು ಹೆದರದೆ ಪುಸ್ತಕ ತರಿಸಲಿ ಎಂದು ಅಮೆರಿಕದಲ್ಲಿ ಬೇರೂರಿದ ಪದ್ಧತಿ ಇದು. ಹಬ್ಬಕ್ಕೆಂದು ಗುಡ್ಡೆ ಹಾಕಿದ ಪುಸ್ತಕಗಳಲ್ಲಿ ಉಳಿದವು ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಪೆಟ್ಟಿಗೆಗಟ್ಟಲೆ ವಾಪಸ್ ಹೊರಡುತ್ತವೆ. ಕೆಲವು ಅಗ್ಗದ ಬೆಲೆಗೆ ಮಾರಾಟವಾಗುತ್ತವೆ, ಕೆಲವು ಮತ್ತೆ ಕಾಗದದ ತಿರುಳಾಗುತ್ತವೆ.

ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. 1968ರಿಂದ ಈ ಕ್ಷೇತ್ರದ ಸುದ್ದಿಗೇ ಮೀಸಲಾಗಿರುವ 'ಲೋಕಸ್' ಪತ್ರಿಕೆ, ಮುಗಿದ ವರ್ಷದಲ್ಲಿ ಓದಬೇಕಾದ ಪುಸ್ತಕಗಳ ಉದ್ದ ಪಟ್ಟಿಯನ್ನು ಫೆಬ್ರವರಿ ಹೊತ್ತಿಗೆ ಕೊಡುತ್ತದೆ. ಡಿಸೆಂಬರ್‌ನಲ್ಲಿ ಬಂದು ಯಾರ ಕಣ್ಣಿಗೂ ಬೀಳದ ಪುಸ್ತಕಗಳು ಅಲ್ಲಿ ಸಿಗುತ್ತವೆ. ಹೋದ ವರ್ಷ ನವೆಂಬರ್‌ನಲ್ಲಿ ಎಲ್ಲರ ಬಾಯಲ್ಲಿದ್ದ ಹಾರ್ಡ್‌ಕವರ್ ಈ ನವೆಂಬರ್ ಹೊತ್ತಿಗೆ ಪೇಪರ್‌ಬ್ಯಾಕ್ ಆಗಿ ಬಂದಿರುತ್ತದೆ. ನಾನು ರಜೆಗೆ ಪುಸ್ತಕ ಆರಿಸುವಾಗ ಮೊದಲು ತೆಗೆಯುವುದು ಹೋದ ವರ್ಷದ ಪಟ್ಟಿಯನ್ನೇ. ಅದರಲ್ಲಿ ಯಾವ ಹೆಸರನ್ನು ಜನ ವರ್ಷ ಕಳೆದರೂ ಪ್ರೀತಿಯಿಂದ ಹೇಳುತ್ತಿದ್ದಾರೋ ಅದಕ್ಕೆ ಗುರುತು ಹಾಕಿಕೊಂಡು, ಆಮೇಲೆ ಹೊಸ ಪಟ್ಟಿಗೆ ಬರುತ್ತೇನೆ.